ಭಾವನವರ ನೀಲಿ ನೀರು

ನಮ್ಮ ಭಾವನವರು, ಎಂದರೆ ನನ್ನ ಗಂಡನ ಅಣ್ಣ, ಬಿ.ಎಸ್ಸಿ. ಓದಿದವರು. ಈ ಸಂಗತಿಯನ್ನು ಅವರ ಊರಾದ ಮಿರ್ಲೆಯಲ್ಲಿ ಯಾರೂ ಮರೆಯದಂತೆ ಅವರೇ ನೋಡಿಕೊಂಡಿದ್ದಾರೆ. ಮನೆಯ ಬಾಗಿಲ ಮೇಲಿನ ಹಲಗೆಯಲ್ಲಿ ಹೆಸರಿಗಿಂತ ಡಿಗ್ರಿಯ ಅಕ್ಷರಗಳೇ ದಪ್ಪ. ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರಿನ ಪಕ್ಕ ಡಿಗ್ರಿ ಬಿಟ್ಟು ಹೋದರೆ ಆ ಮದುವೆಗೆ ಹೋಗುವುದಿಲ್ಲ. ಕಾಲೇಜಿನಲ್ಲಿ ಓದಿದ ಮೂರು ವಿಷಯಗಳಲ್ಲಿ ರಸಾಯನಶಾಸ್ತ್ರವೂ ಒಂದು. ಆಮೇಲೆ ಸರ್ಕಾರಿ ಕಚೇರಿಯಲ್ಲಿ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ಸರಿಸುತ್ತ ನಿವೃತ್ತರಾದರು. ಅಷ್ಟು ಹೊತ್ತಿಗೆ ರಸಾಯನಶಾಸ್ತ್ರ ಅವರನ್ನು ಸದ್ದಿಲ್ಲದೆ ಬಿಟ್ಟುಹೋಗಿತ್ತು. ಡಿಗ್ರಿ ಮಾತ್ರ ಉಳಿದಿತ್ತು.

ನಾನು ಹುಣಸೂರಿನಲ್ಲಿರುವವಳು. ಬಿಳಿಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತನೇ ಕ್ಲಾಸಿಗೆ ಪ್ರತಿ ವರ್ಷ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಬರುತ್ತದೆ. ನಿಂಬೆಹಣ್ಣು, ಹುಣಸೆಹಣ್ಣು, ಮೊಸರು ಇವೆಲ್ಲ ಆಮ್ಲದ ಕಡೆಯವು. ಸುಣ್ಣದ ನೀರು, ಸೋಪು, ಅಡುಗೆ ಸೋಡ ಇವು ಪ್ರತ್ಯಾಮ್ಲದ ಕಡೆಯವು. ಆಮ್ಲಕ್ಕೆ ಪ್ರತ್ಯಾಮ್ಲ ಬೆರೆಸಿದರೆ ಒಂದರ ಜೋರನ್ನು ಇನ್ನೊಂದು ಅಡಗಿಸಿ ಲವಣವೂ ನೀರೂ ಆಗುತ್ತವೆ. ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳಲು ಸೊನ್ನೆಯಿಂದ ಹದಿನಾಲ್ಕರವರೆಗೆ ಪಿ.ಎಚ್. ಎಂಬ ಒಂದು ಅಳತೆ ಇದೆ, ನಡುವಿನ ಏಳು ಶುದ್ಧ ನೀರಿನದು. ಏಳರಿಂದ ಆರಕ್ಕೆ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಐದಕ್ಕೆ ಇಳಿದರೆ ನೂರು ಪಟ್ಟು. ಇಷ್ಟನ್ನು ಹೊಲದಲ್ಲಿ ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಅರ್ಧಕ್ಕರ್ಧ ದಿನ ರಜೆ ಹಾಕುವ ನನ್ನ ಕ್ಲಾಸಿನ ಮಕ್ಕಳೂ ಕಲಿತುಬಿಡುತ್ತಾರೆ. ಡಿಗ್ರಿಯನ್ನು ಬಾಗಿಲ ಮೇಲೆ ನೇತುಹಾಕಿಕೊಂಡ ಮನುಷ್ಯನಿಗೆ ಕಲಿಸಲು ಮಾತ್ರ ನನ್ನಿಂದ ಆಗಲಿಲ್ಲ.

ನಿವೃತ್ತರಾದ ಮೇಲೆ ಭಾವನವರಿಗೆ ತಮ್ಮ ಮಾತು ಕೇಳುವವರು ಇಲ್ಲವಾದರು. ಆಗ ಯಾವುದೋ ಕಂಪನಿಯವರು ಅವರನ್ನು ಹಿಡಿದರು. ನಲ್ಲಿಯ ನೀರನ್ನು ಒಂದು ಯಂತ್ರದೊಳಗೆ ಹಾಯಿಸಿ 'ಆಲ್ಕಲೈನ್ ನೀರು' ಮಾಡಿ ಕುಡಿದರೆ ಸಕ್ಕರೆ ಕಾಯಿಲೆಯಿಂದ ಮಂಡಿನೋವಿನವರೆಗೆ ಎಲ್ಲ ವಾಸಿಯಾಗುತ್ತದೆ ಎನ್ನುವ ಕಂಪನಿ ಅದು. ತಾವು ಯಂತ್ರ ಕೊಂಡು ಇನ್ನೊಬ್ಬರಿಗೆ ಕೊಡಿಸಬೇಕು, ಅವರು ಮತ್ತೊಬ್ಬರಿಗೆ ಕೊಡಿಸಬೇಕು. ಭಾವನವರು ಒಂದು ಭಾನುವಾರ ಟೈ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಅವರ ಸ್ವಂತ ಮದುವೆಯ ಫೋಟೋದಲ್ಲೂ ಅವರು ಟೈ ಹಾಕಿದ್ದನ್ನು ನಾನು ನೋಡಿಲ್ಲ.

"ಟೀಚರಮ್ಮ, ನಿಮ್ಮನೇಲಿ ಕುಡಿಯೋ ನೀರು ಒಂದ್ ಲೋಟ ತಗೊಂಡ್ ಬಾಮ್ಮ," ಎಂದರು.

ಫಿಲ್ಟರಿನ ನೀರು ತಂದುಕೊಟ್ಟೆ. ಚೀಲದಿಂದ ಒಂದು ಪುಟ್ಟ ಸೀಸೆ ತೆಗೆದು ಹನಿ ಬಿಟ್ಟರು. ನೀರು ಹಳದಿಯಾಯಿತು. ತಮ್ಮ ಬಾಟಲಿಯ ನೀರನ್ನು ಇನ್ನೊಂದು ಲೋಟಕ್ಕೆ ಸುರಿದು ಅದಕ್ಕೂ ಹನಿ ಬಿಟ್ಟರು. ಅದು ನೀಲಿಯಾಯಿತು. ನನ್ನ ಗಂಡ ಮುಂದಕ್ಕೆ ಬಾಗಿ ನೋಡಿದರು.

"ನೋಡ್ದಾ? ಹಳದಿ ಅಂದ್ರೆ ಆಸಿಡ್ಡು. ಇಷ್ಟ್ ದಿನ ಮನೆಮಂದಿಯೆಲ್ಲ ಆಸಿಡ್ ಕುಡ್ಕೊಂಡಿದ್ದೀರಿ. ಒಬ್ಬ ಸೈನ್ಸ್ ಟೀಚರ್ ಮನೇಲೇ ಇಂಗಾದ್ರೆ ಎಂಗೆ?"

"ಭಾವ, ಆ ಸೀಸೆಯಲ್ಲಿರೋದು ಇಂಡಿಕೇಟರು," ಎಂದೆ. "ನೀರು ಆಮ್ಲದ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಅಂತ ಬಣ್ಣದಲ್ಲಿ ತೋರಿಸುತ್ತೆ, ಅಷ್ಟೆ. ಒಳ್ಳೇದು ಕೆಟ್ಟದ್ದು ಹೇಳಲ್ಲ. ಫಿಲ್ಟರ್ ನೀರು ಗಾಳಿಯಲ್ಲಿರೋ ಕಾರ್ಬನ್ ಡೈ ಆಕ್ಸೈಡ್ ಎಳ್ಕೊಂಡು ಒಂಚೂರು ಆಮ್ಲದ ಕಡೆ ತಿರುಗಿರುತ್ತೆ. ನೀವು ಬೆಳಿಗ್ಗೆ ತಿಂದ ಚಿತ್ರಾನ್ನದ ನಿಂಬೆಹುಳಿ ಇದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ."

ಭಾವನವರು ನನ್ನನ್ನು ಕರುಣೆಯಿಂದ ನೋಡಿದರು. "ಅದು ನಿಮ್ ಇಸ್ಕೂಲ್ ಸೈನ್ಸು ಕಣಮ್ಮ. ಇದು ಜಪಾನ್ ಸೈನ್ಸು."

ಜಪಾನಿನಲ್ಲಿ ನಿಂಬೆಹಣ್ಣು ಸಿಹಿಯಾಗಿರುತ್ತದೋ ಏನೋ ನನಗೆ ಗೊತ್ತಿರಲಿಲ್ಲ. ಅವರು ಹೋದ ಮೇಲೆ ನನ್ನ ಗಂಡ ಆ ಹಳದಿ ಲೋಟವನ್ನು ಕುಡಿಯುವ ಪಾತ್ರೆಗಳಿಂದ ದೂರ ಇಟ್ಟು, "ಆದ್ರೂ ಬಣ್ಣ ಬಂತಲ್ಲ," ಎಂದರು. ಅವರು ಬಿ.ಕಾಂ. ಓದಿದವರು. ಮೇಲಾಗಿ, ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ ಎಂದು ಅಣ್ಣ ಹೇಳಿದರೂ ಬೆಳಿಗ್ಗೆ ಎದ್ದು ಆ ಕಡೆಗೇ ಕೈಮುಗಿಯುವವರು.

ಕೆಲವು ತಿಂಗಳ ನಂತರ ಭಾವನವರ ಮೊಮ್ಮಗಳ ನಾಮಕರಣಕ್ಕೆ ಮಿರ್ಲೆಗೆ ಹೋದೆವು. ಅಲ್ಲಿ ನನ್ನ ಅತ್ತೆ ಇದ್ದಾರೆ, ಎಂದರೆ ಭಾವನವರ ತಾಯಿ. ಅವರು ಹಿರಿಯ ಮಗನ ಮನೆಯಲ್ಲೇ ಇರುವುದು. ಎಂಬತ್ತರ ಹತ್ತಿರದ ಜೀವ. ಬಿಪಿಗೆ ಮಾತ್ರೆ ನುಂಗುತ್ತಾರೆ, ಉಪ್ಪು ಕಡಿಮೆ ತಿನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಉಪ್ಪು ಬಿಟ್ಟಿದ್ದಕ್ಕೆ ಅವರೇನೂ ಗೋಳಾಡಲಿಲ್ಲ, ಏಕೆಂದರೆ ಅವರ ಪ್ರಾಣವೆಲ್ಲ ಹುಳಿಯಲ್ಲಿತ್ತು. ಮುದ್ದೆಗೆ ಬಸ್ಸಾರು ಬಡಿಸಿದರೆ ಹುಣಸೆಹಣ್ಣು ಸಾಲದು ಎಂದು ಇನ್ನಷ್ಟು ಕಿವುಚಿ ಹಾಕಿಸಿಕೊಳ್ಳುತ್ತಿದ್ದರು. ಮಾವಿನಕಾಯಿ ಕಂಡರೆ ಮಗುವಿನ ಹಾಗೆ ಕಣ್ಣರಳಿಸುತ್ತಿದ್ದರು. ಊಟವಾದ ಮೇಲೆ ಎಲೆ ಅಡಿಕೆಗೆ ಸುಣ್ಣ ಸವರಿ ಬಾಯಿಗಿಟ್ಟರೆ ಅವರ ದಿನ ಪೂರ್ತಿಯಾಗುತ್ತಿತ್ತು.

ಮಗುವಿಗೆ ಹೆಸರಿಟ್ಟು ಆರತಿ ಎತ್ತಿದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದೆ ಎಂದು ಭಾವನವರು ನೆಂಟರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿದರು. ತೊಟ್ಟಿಲಿನ ಪಕ್ಕದಲ್ಲೇ ಮೇಜು ಹಾಕಿ ಯಂತ್ರ ಇಟ್ಟರು. ಮಗುವಿಗಿಂತ ಯಂತ್ರಕ್ಕೇ ಹೂವು ಜಾಸ್ತಿ ಮುಡಿಸಿದ್ದರು. ಹನಿ ಬಿಟ್ಟರು, ಬೋರ್‌ವೆಲ್ ನೀರು, ಬಾಟಲಿ ನೀರು, ಕೂಲ್‌ಡ್ರಿಂಕ್ಸು ಒಂದೊಂದೂ ಒಂದೊಂದು ಬಣ್ಣವಾದವು. ಯಂತ್ರದ ನೀರು ಮಾತ್ರ ಕಡುನೀಲಿ. "ನಿಮ್ಮ ರಕ್ತ ಆಸಿಡ್ ಆಗೋಗದೆ. ಅದ್ನ ಆಲ್ಕಲೈನ್ ಮಾಡ್ಬೇಕು ಅಂದ್ರೆ ಇದ್ನೇ ಕುಡೀಬೇಕು," ಎಂದು ಉಪನ್ಯಾಸ ಕೊಟ್ಟರು. ಕೂತವರಲ್ಲಿ ಇಬ್ಬರು ಮೇಷ್ಟ್ರು, ಒಬ್ಬ ಬ್ಯಾಂಕಿನವರು. ಎಲ್ಲರೂ ತಲೆದೂಗುತ್ತಿದ್ದರು.

ನನಗೆ ಕೂತಿರಲು ಆಗಲಿಲ್ಲ. ಎದ್ದು ಅಡುಗೆಮನೆಯಿಂದ ಅರಿಶಿಣ, ಒಂದು ನಿಂಬೆಹಣ್ಣು, ಅತ್ತೆಯ ಎಲೆಪೆಟ್ಟಿಗೆಯಿಂದ ಸುಣ್ಣದ ಡಬ್ಬಿ ತಂದೆ. ಒಂದು ಗಾಜಿನ ಲೋಟದಲ್ಲಿ ನೀರಿಗೆ ಅರಿಶಿಣ ಕದಡಿ ಚಿಟಿಕೆ ಸುಣ್ಣ ಹಾಕಿದೆ. ನೀರು ಕೆಂಪಾಯಿತು.

"ಇದೇನು ಅಂತ ಇಲ್ಲಿರೋ ಹೆಂಗಸರಿಗೆಲ್ಲ ಗೊತ್ತು," ಎಂದೆ.

"ಆರತಿ ನೀರು ಕಣವ್ವ, ಗೊತ್ತಿಲ್ದೆ ಏನು," ಎಂದಳು ಒಬ್ಬ ಅಜ್ಜಿ.

"ಸುಣ್ಣ ಕ್ಷಾರ. ಕ್ಷಾರ ಸೋಕಿದರೆ ಅರಿಶಿಣ ಕೆಂಪಾಗುತ್ತೆ. ಈಗ ನೋಡಿ," ಎಂದು ನಿಂಬೆಹಣ್ಣು ಹಿಂಡಿದೆ. ಕೆಂಪು ಹೋಗಿ ಮತ್ತೆ ಅರಿಶಿಣದ ಬಣ್ಣವೇ ಬಂತು. ಒಂದಿಬ್ಬರು "ಓ" ಎಂದರು. ಆಮೇಲೆ ಭಾವನವರ ನೀಲಿ ಲೋಟ ಎತ್ತಿಕೊಂಡು ಅದಕ್ಕೂ ನಾಲ್ಕು ತೊಟ್ಟು ಹಿಂಡಿದೆ. ಆ ಜಪಾನಿನ ನೀಲಿ ಕಣ್ಣೆದುರಿಗೇ ಹಸಿರಾಗಿ, ಹಳದಿಯಾಗಿ, ಕಿತ್ತಳೆಯಾಗಿ ಕೆಂಪಿಗೆ ತಿರುಗಿತು.

"ನಿಮ್ಮ ಹೊಟ್ಟೆಯಲ್ಲಿ ಅನ್ನ ಕರಗಿಸೋಕೆ ಅಂತ ಇರೋ ಹುಳಿ ಈ ನಿಂಬೆಹಣ್ಣಿನ ಹುಳಿಗೂ ಜೋರು. ನಾಲ್ಕು ತೊಟ್ಟಿಗೇ ಈ ನೀರಿನ ಕ್ಷಾರ ಮುಗೀತು. ಹೊಟ್ಟೆಗೆ ಇಳಿದರೆ ಏನು ಉಳಿಯುತ್ತೆ? ರಕ್ತದ ವಿಷಯಕ್ಕೆ ಬಂದ್ರೆ, ಅದು ಮೊದಲಿಂದಲೂ ಒಂಚೂರು ಕ್ಷಾರದ ಕಡೆಗೇ ಇದೆ. ಅದನ್ನ ಹಾಗೇ ಇಡೋಕೆ ಶ್ವಾಸಕೋಶ, ಕಿಡ್ನಿ ಇವೆ. ಯಾರೂ ಯಂತ್ರ ತರಬೇಕಾಗಿಲ್ಲ."

ಮೇಷ್ಟ್ರಿಬ್ಬರೂ ಲೋಟದ ಕಡೆ ಬಾಗಿ ನೋಡಿದರು. ನನ್ನ ಮಾತು ನಾಟಿತು ಎಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಗಟ್ಟಿಯಾಗಿ, "ಅಂಗಾದ್ರೆ ನಿಂಬೆಅಣ್ಣೇ ಡೇಂಜರ್ರು ಅನ್ನು! ಅಷ್ಟ್ ಒಳ್ಳೆ ನೀರ್ನ ಕ್ಷಣದಾಗೆ ಕೆಡಿಸ್ಬುಡ್ತಲ್ಲ!" ಎಂದರು.

"ಅದೇ! ನಾನೂ ಅದ್ನೇ ಏಳೋದು!" ಎಂದು ಭಾವನವರು ಕುರ್ಚಿಯಿಂದ ಎಗರಿದರು. "ನೋಡಿ, ನಮ್ಮ ಟೀಚರಮ್ಮನೇ ಪ್ರೂವ್ ಮಾಡಿ ತೋರ್ಸಿದ್ರು. ಹುಳಿ ಅನ್ನೋದು ನಮ್ ಬಾಡಿಯ ಶತ್ರು."

ಚಪ್ಪಾಳೆ ಬಿತ್ತು. ಬ್ಯಾಂಕಿನವರು ಅಲ್ಲಿಯೇ ಯಂತ್ರ ಕೊಳ್ಳುವುದಾಗಿ ಹೆಸರು ಬರೆಸಿದರು, ಮೇಷ್ಟ್ರೊಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಅಷ್ಟು ಜನರ ಮುಂದೆ ಅಷ್ಟು ಸರಳವಾದ ಪ್ರಯೋಗ ಮಾಡಿ ತೋರಿಸಿದರೆ ಅದರಿಂದ ಹೀಗೂ ಒಂದು ಅರ್ಥ ತೆಗೆಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ತರಗತಿಯ ಕೊನೇ ಬೆಂಚಿನಲ್ಲಿ ತೂಕಡಿಸುವವರೂ ಇಷ್ಟು ತಪ್ಪು ಉತ್ತರ ಬರೆದವರಲ್ಲ. ತಮಾಷೆಯೆಂದರೆ, ಹೀಗೆ ಹುಳಿಯನ್ನು ಶತ್ರುವೆಂದು ಸಾರಿದ ಸಭೆ ಎದ್ದು ನೇರ ಊಟದ ಪಂಕ್ತಿಗೆ ಹೋಗಿ ನಿಂಬೆಹಣ್ಣಿನ ಚಿತ್ರಾನ್ನವನ್ನು ಎರಡೆರಡು ಸಲ ಬಡಿಸಿಕೊಂಡಿತು.

ಆದರೆ ಶಿಕ್ಷೆ ಬಿದ್ದದ್ದು ಅತ್ತೆಗೆ. ಮಾರನೆಯ ದಿನದಿಂದ ಭಾವನವರು ತಾಯಿಯ ಊಟದಲ್ಲಿ ಹುಳಿ ಬಂದ್ ಮಾಡಿದರು. ಹುಣಸೆಹಣ್ಣಿಲ್ಲ, ಟೊಮೆಟೊ ಇಲ್ಲ, ಮೊಸರು ಮಜ್ಜಿಗೆ ಯಾವುದೂ ಇಲ್ಲ. ಉಪ್ಪು ಮೊದಲೇ ಇರಲಿಲ್ಲ. ಬೇಯಿಸಿದ ಸೊಪ್ಪಿನ ನೀರಿನಲ್ಲಿ ಮುದ್ದೆ ಅದ್ದಿ ನುಂಗಬೇಕು. ಅಡುಗೆ ಮಾಡುತ್ತಿದ್ದವಳು ಭಾವನವರ ಹೆಂಡತಿ, ನನ್ನ ಓರಗಿತ್ತಿ. ಅವಳು ಫೋನಿನಲ್ಲಿ ದನಿ ತಗ್ಗಿಸಿ, "ಅತ್ತೆ ತಟ್ಟೆ ನೋಡ್ಕಂಡ್ ಸುಮ್ನೆ ಕೂತಿರ್ತಾರೆ ಕಣೇ. ನಂಗೇ ತಿನ್ನಕ್ಕಾಗಕಿಲ್ಲ, ಅವರ್ಗೆ ಎಂಗ್ ಬಡಿಸ್ಲಿ ಏಳು," ಎಂದಳು. ಗಂಡನಿಗೆ ಹೇಳು ಎಂದೆ. "ಏಳುದ್ರೆ ಪಿ.ಎಚ್. ಗೊತ್ತಾ ನಿಂಗೆ ಅಂತಾರೆ," ಎಂದಳು.

ಅತ್ತೆಗೆ ಸುಣ್ಣ ಮಾತ್ರ ಉಳಿದುಕೊಂಡಿತ್ತು. "ಎಲೆಅಡ್ಕೆ ತಿನ್ಬೋದೇನ್ಲಾ?" ಎಂದು ಅವರು ಕೇಳಿದ್ದಕ್ಕೆ ಭಾವನವರು ಯೋಚಿಸಿ, "ಸುಣ್ಣ ಆಲ್ಕಲೈನು, ತಿನ್ನವ್ವ," ಎಂದು ಅಪ್ಪಣೆ ಕೊಟ್ಟಿದ್ದರಂತೆ. ಮಾವಿನಕಾಯಿ ವಿಷ, ಅಡಿಕೆ ಸುಣ್ಣ ಔಷಧಿ! ಇದು ಡಿಗ್ರಿಯವರ ವೈದ್ಯಶಾಸ್ತ್ರ.

ಯಂತ್ರ ಬಹಳ ಕಾಲ ಬಾಳಲಿಲ್ಲ. ಮಿರ್ಲೆಯ ಬೋರಿನ ನೀರು ಗಡುಸು. ಕಾಯಿಸಿದ ಪಾತ್ರೆಯ ತಳದಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ. ಯಂತ್ರದೊಳಗಿನ ತಗಡುಗಳ ಮೇಲೂ ಅದೇ ಪದರ ಕಟ್ಟಿತು. ಕಂಪನಿಯವರಿಗೆ ಫೋನ್ ಮಾಡಿದರೆ, ನಿಂಬೆ ಉಪ್ಪು ಕರಗಿಸಿ ಹಾಕಿ ತೊಳೆಯಿರಿ ಎಂದರಂತೆ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಮಾರುವುದು ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನ ಹುಳಿಯೇ ಅದು. ಬಾಡಿಯ ಶತ್ರುವನ್ನು ಭಾವನವರು ಅಂಗಡಿಗೆ ಹೋಗಿ ಕೊಂಡು ತಂದು ತಮ್ಮ ದೇವರಂಥ ಯಂತ್ರಕ್ಕೆ ಕುಡಿಸಿದರು. ಆ ಗಳಿಗೆಯಲ್ಲಾದರೂ ಅವರ ತಲೆಯೊಳಗೆ ಏನಾದರೂ ಮಿಸುಕಿತೇ ಎಂದು ಕೇಳಬೇಕೆನಿಸುತ್ತದೆ. ಮಿಸುಕಿರಲಾರದು. ತೊಳೆದು ಸ್ವಿಚ್ಚು ಹಾಕುವಾಗ ಒಳಗೆ ಏನೋ ಸುಟ್ಟ ವಾಸನೆ ಬಂದು ಯಂತ್ರ ನಿಂತೇಹೋಯಿತು. ಕಂಪನಿಯವರು ಫೋನ್ ಎತ್ತುವುದನ್ನು ಬಿಟ್ಟರು.

ಬೇರೆ ಯಾರಾದರೂ ಅಲ್ಲಿಗೆ ಸಾಕು ಎನ್ನುತ್ತಿದ್ದರು. ಭಾವನವರು ತಮ್ಮ ವಾಟ್ಸಾಪ್ ಗುಂಪಿನಲ್ಲಿ ಉಪಾಯ ಹುಡುಕಿದರು. ಮಾಮೂಲಿ ನೀರಿಗೆ ಅಡುಗೆ ಸೋಡ ಕದಡಿ ಹನಿ ಬಿಟ್ಟರೆ ಅದೂ ನೀಲಿಯಾಗುತ್ತದೆ ಎಂದು ಅಲ್ಲಿ ಯಾರೋ ಹಾಕಿದ್ದರು. ಅದು ನಿಜ. ಸೋಡ ಕ್ಷಾರ, ನೀಲಿಯಾಗದೆ ಇನ್ನೇನಾದೀತು? ಇಷ್ಟು ದಿನ ಆ ದೊಡ್ಡ ಯಂತ್ರ ಮಾಡುತ್ತಿದ್ದ ಬಣ್ಣವನ್ನು ಅಂಗಡಿಯ ಸೋಡ ಪೊಟ್ಟಣವೂ ಮಾಡುತ್ತದೆ ಎಂದು ತಿಳಿದ ಮೇಲೆ ಮನುಷ್ಯ ಯಂತ್ರವನ್ನು ಅನುಮಾನಿಸಬೇಕು. ಭಾವನವರು ತಾಯಿಗೆ ದಿನಕ್ಕೆ ಹಲವು ಲೋಟ ಸೋಡ ನೀರು ಕುಡಿಸಲು ಶುರು ಮಾಡಿದರು.

ಆ ಸುದ್ದಿ ಓರಗಿತ್ತಿಯಿಂದ ಕಿವಿಗೆ ಬಿದ್ದ ಕೂಡಲೇ ನಾನು ಮಿರ್ಲೆಗೆ ಹೋದೆ. ಅತ್ತೆ ಪಡಸಾಲೆಯ ದಿವಾನದ ಮೇಲೆ ಕೂತಿದ್ದರು. ಮುಖ ಬಾಡಿತ್ತು. ಭಾವನವರು ಲೋಟ ಕೊಟ್ಟರು, ಅತ್ತೆ ಕಣ್ಣುಮುಚ್ಚಿ ಕುಡಿದರು. ಸ್ವಲ್ಪ ಹೊತ್ತಿಗೆ ಉದ್ದನೆಯ ತೇಗು ಬಂತು.

"ಕೇಳ್ದಾ?" ಎಂದರು ಭಾವನವರು ಹೆಮ್ಮೆಯಿಂದ. "ಒಳಗಿರೋ ಟಾಕ್ಸಿನ್ ಎಲ್ಲ ಆಚೆ ಬತ್ತಾ ಅದೆ."

"ಅದು ಕಾರ್ಬನ್ ಡೈ ಆಕ್ಸೈಡು ಭಾವ. ಸೋಡಕ್ಕೆ ಹೊಟ್ಟೆಯ ಆಮ್ಲ ಸೇರಿದ್ರೆ ಬರೋದು ಅದೇ. ಮೊಸರಿಗೆ ಸೋಡ ಹಾಕಿ ನೋಡಿ, ಲೋಟವೂ ತೇಗುತ್ತೆ."

"ನಿಂಗೆ ಎಲ್ಲದ್ರಲ್ಲೂ ತಪ್ಪೇ ಕಾಣ್ತದೆ."

"ತಪ್ಪಿದೆ, ಅದಕ್ಕೇ ಕಾಣುತ್ತೆ. ಅತ್ತೆಗೆ ಬಿಪಿ ಇದೆ. ಉಪ್ಪು ಕಮ್ಮಿ ಅಂತ ಡಾಕ್ಟರು ಹೇಳಿರೋದು ಅದರಲ್ಲಿರೋ ಸೋಡಿಯಮ್ಮಿಗೆ. ಈ ಸೋಡದಲ್ಲಿರೋದೂ ಸೋಡಿಯಮ್ಮೇ. ಸಾರಿನಿಂದ ತೆಗೆದಿದ್ದನ್ನ ಲೋಟದಲ್ಲಿ ವಾಪಸ್ ಕುಡಿಸ್ತಾ ಇದ್ದೀರಿ."

"ಉಪ್ಪು ಬ್ಯಾರೆ, ಸೋಡ ಬ್ಯಾರೆ. ಒಂದು ಉಪ್ಪುಪ್ಪು ಇರ್ತದೆ, ಇನ್ನೊಂದು ಅಂಗಿಲ್ಲ. ನಾನೂ ಕೆಮಿಸ್ಟ್ರಿ ಓದಿದೀನಿ ಕಣಮ್ಮ, ನೀನು ಹುಟ್ಟೋಕ್ ಮುಂಚೆ."

ಅದೊಂದು ಮಾತು ನಿಜವಿರಬೇಕು. ಓದಿದ್ದು ಅಷ್ಟು ಹಿಂದೆ.

ಅವರು ಹೊರಗೆ ಹೋದ ಮೇಲೆ ಅತ್ತೆಯ ಕೈ ಹಿಡಿದು, "ಅತ್ತೆ, ಇದನ್ನ ಕುಡೀಬೇಡಿ. ಇದು ನಿಮಗೆ ಆಗಲ್ಲ," ಎಂದೆ. ಅವರು ನನ್ನ ಕೈಯನ್ನು ಸವರಿ, "ನಂಗೂ ಆಗಕಿಲ್ಲ ಕಣವ್ವ. ಆದ್ರೆ ಓದ್ದೋನು ಏಳ್ತಾನೆ, ಏನೋ ಇರ್ಬೇಕು ಅಂತ ಕುಡೀತೀನಿ," ಎಂದರು. ನಾನೂ ಓದಿದವಳೇ ಎಂದು ಹೇಳಲು ಬಾಯಿ ತೆರೆದು ಸುಮ್ಮನಾದೆ. ಮಗನ ಡಿಗ್ರಿಯೂ ಸೊಸೆಯ ಡಿಗ್ರಿಯೂ ಆ ಮನೆಯಲ್ಲಿ ಒಂದೇ ತೂಕದವಲ್ಲ. ನನ್ನ ಎಂ.ಎಸ್ಸಿ. ಆ ಪಡಸಾಲೆಯಲ್ಲಿ ಕಾಫಿ ಲೋಟ ತೆಗೆಯುವ ಕೆಲಸಕ್ಕೆ ಸಾಕಾಗುತ್ತಿತ್ತು. ಅಡುಗೆಮನೆಯಲ್ಲಿದ್ದ ಸೋಡ ಪೊಟ್ಟಣವನ್ನು ನಾನೇ ಮೋರಿಗೆ ಸುರಿದು ಬಂದೆ. ಭಾವನವರು ಸಂಜೆಗೆ ಇನ್ನೊಂದು ತಂದರಂತೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. "ನೀವು ಅಣ್ಣನ ಹತ್ತಿರ ಮಾತಾಡಿ," ಎಂದೆ.

"ಮಾತಾಡೋಣ," ಎಂದರು. "ಅವನು ಬೇಜಾರ್ ಮಾಡ್ಕೋತಾನೆ. ಹಬ್ಬ ಒಂದು ಕಳೀಲಿ."

ಹಬ್ಬ ಕಳೆಯುವವರೆಗೆ ಅತ್ತೆಯ ದೇಹ ಕಾಯಲಿಲ್ಲ. ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಿದ್ದಾಗ ಓರಗಿತ್ತಿಯ ಫೋನ್ ಬಂತು. ಅವಳು ಅಳುತ್ತಿದ್ದಳು. "ಅತ್ತೆ ಕಾಲು ಊದ್ಕಂಡ್ಬುಟ್ಟದೆ ಕಣೇ. ಮಲಿಕ್ಕಂಡ್ರೆ ಉಸ್ರಾಡಕ್ ಆಗಕಿಲ್ಲ ಅಂತಾರೆ. ಕೈಯೆಲ್ಲ ಸೆಟ್ಕತಾವೆ. ಕೆ.ಆರ್. ನಗರಕ್ಕೆ ಕರ್ಕಂಡ್ ಒಯ್ತಾ ಇದೀವಿ, ಬಂದ್ಬುಡಿ."

ನಾವು ಆಸ್ಪತ್ರೆ ಮುಟ್ಟುವಾಗ ಅತ್ತೆಯ ಮೂಗಿಗೆ ಆಕ್ಸಿಜನ್ ಕೊಳವೆ ಇಟ್ಟಿದ್ದರು. ಪಾದಗಳು ಊದಿ ಹೊಳೆಯುತ್ತಿದ್ದವು. ಒತ್ತಿದರೆ ಬೆರಳಿನ ಗುರುತು ಹಾಗೇ ನಿಲ್ಲುತ್ತಿತ್ತು. ಡಾಕ್ಟರು ಒಬ್ಬ ನಡುವಯಸ್ಸಿನ ಹೆಂಗಸು. ರಕ್ತ ಪರೀಕ್ಷೆಯ ಕಾಗದ ನೋಡುತ್ತ, "ಇವರು ಏನಾದ್ರೂ ಬೇರೆ ಔಷಧಿ ತಗೋತಾ ಇದ್ರಾ?" ಎಂದು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ. ಶುದ್ಧ ಸಾತ್ವಿಕ ಆಹಾರ," ಎಂದರು ಭಾವನವರು.

ಅತ್ತೆ ಕೊಳವೆಯ ಕೆಳಗಿನಿಂದ ಸಣ್ಣಗೆ, "ಸೋಡ ನೀರು ಕುಡೀತಿದ್ದೆ ಕಣವ್ವ. ಲೋಟಗಟ್ಲೆ," ಎಂದರು.

ಡಾಕ್ಟರು ಕಾಗದದಿಂದ ತಲೆ ಎತ್ತಿದರು. "ಸೋಡ ಅಂದ್ರೆ? ಬೇಕಿಂಗ್ ಸೋಡನಾ? ಯಾರು ಕುಡಿಸಿದ್ದು?"

ಭಾವನವರು ಗೋಡೆಯ ಮೇಲಿದ್ದ ಕಿಡ್ನಿಯ ಚಿತ್ರವನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದರು. ನಾನೇ ಎಲ್ಲ ಹೇಳಿದೆ. ಡಾಕ್ಟರು ಕೇಳಿ ಮುಗಿಸಿ ಭಾವನವರ ಕಡೆ ತಿರುಗಿದರು.

"ನೀವು ಓದಿರೋರಾ ಸಾರ್?"

"ಬಿ.ಎಸ್ಸಿ.," ಎಂದರು ಭಾವನವರು. ಆ ಹೊತ್ತಿನಲ್ಲೂ ಅವರಿಗೆ ಅದನ್ನು ನುಂಗಿಕೊಳ್ಳಲು ಆಗಲಿಲ್ಲ.

"ಚೆನ್ನಾಗಿದೆ. ಇವರ ರಕ್ತ ಆಲ್ಕಲೈನ್ ಮಾಡಬೇಕು ಅಂತಿದ್ರಲ್ಲ, ಮಾಡಿದೀರಿ. ಇರಬೇಕಾದ್ದಕ್ಕಿಂತ ಜಾಸ್ತಿನೇ ಆಗಿದೆ. ಅದು ಕಾಯಿಲೆ. ಅದಕ್ಕೇ ಕೈ ಸೆಟೀತಿರೋದು. ಆ ಸೋಡಿಯಮ್ ನೀರು ಹಿಡ್ಕೊಂಡು ಮೈ ಊದಿದೆ, ಹಾರ್ಟಿಗೆ ಭಾರ ಬಿದ್ದಿದೆ. ಇನ್ನೂ ನಾಲ್ಕು ದಿನ ಬಿಟ್ಟು ಬಂದಿದ್ರೆ ನನಗೆ ಏನೂ ಮಾಡೋಕೆ ಇರ್ತಿರಲಿಲ್ಲ."

ನನ್ನ ಗಂಡ ಬಾಗಿಲಿನ ಹತ್ತಿರ ನಿಂತಿದ್ದರು. ಅವರ ಮುಖ ಬಿಳಚಿಕೊಂಡಿತ್ತು.

ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಭಾವನವರು ಗಂಟಲು ಸರಿಮಾಡಿಕೊಂಡು, "ಡೋಸ್ ಒಸಿ ಜಾಸ್ತಿ ಆಗೋಗದೆ ಅಷ್ಟೆಯ. ಅವ್ವ ಚಮಚ ತುಂಬ ಹಾಕ್ಕೊಂಡಿರ್ಬೇಕು," ಎಂದರು.

"ಬೆರೆಸಿ ಕೊಡ್ತಿದ್ದವರು ನೀವು," ಎಂದೆ. "ನಾನು ಕಣ್ಣಾರೆ ನೋಡಿದೀನಿ. ಈಗ ಅದನ್ನೂ ಆ ಮುದುಕಿಯ ತಲೆಗೆ ಕಟ್ಟಬೇಡಿ."

"ನಾನು ಏನು ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ನೇನಮ್ಮ?"

"ಕೆಟ್ಟದ್ದು ಮಾಡಬೇಕು ಅಂತ ಮಾಡೋರಿಗೆ ಒಂಚೂರಾದರೂ ಭಯ ಇರುತ್ತೆ ಭಾವ. ನಿಮಗೆ ಅದೂ ಇರಲಿಲ್ಲ."

ಭಾವನವರು ತಮ್ಮನ ಕಡೆ ನೋಡಿದರು. ಹೆಂಡತಿಯನ್ನು ಸುಮ್ಮನಿರಿಸುತ್ತಾನೆ ಎಂದು ಕಾದಿರಬೇಕು. ನನ್ನ ಗಂಡ ಬೆಂಚಿನಿಂದ ಎದ್ದು ನಿಂತರು. ಆಮೇಲೆ, "ಅವ್ವ ಇನ್ಮ್ಯಾಕೆ ನಮ್ಮನೇಲಿ ಇರ್ತದೆ ಕಣಣ್ಣ," ಎಂದರು. ಅಣ್ಣನ ಅಪ್ಪಣೆ ಕೇಳದೆ ಅವರ ಎದುರಿಗೆ ನನ್ನ ಗಂಡ ಆಡಿದ ಮೊದಲ ಮಾತು ಅದು. ಅಷ್ಟು ಆಡಲು ತಾಯಿ ಆಸ್ಪತ್ರೆ ಸೇರಬೇಕಾಯಿತು. ಆದರೂ ಆಡಿದರು, ಅದನ್ನು ಇಲ್ಲವೆನ್ನುವುದಿಲ್ಲ.

ಅತ್ತೆ ಚೇತರಿಸಿಕೊಂಡರು. ಊತ ಇಳಿಯಿತು, ಉಸಿರು ಸಲೀಸಾಯಿತು. ಹುಣಸೂರಿನ ನಮ್ಮ ಮನೆಗೆ ಬಂದ ಮೇಲೆ, ಹುಳಿಗೆ ಅಡ್ಡಿಯಿಲ್ಲ, ಉಪ್ಪು ಮಾತ್ರ ನೋಡಿಕೊಳ್ಳಿ ಎಂದಿದ್ದ ಡಾಕ್ಟರ ಮಾತಿನಂತೆ ಹುರುಳಿಕಾಳಿನ ಬಸ್ಸಾರು ಮಾಡಿ ಗಟ್ಟಿಯಾಗಿ ಹುಣಸೆಹಣ್ಣು ಕಿವುಚಿ ಹಾಕಿದೆ. ಅವರು ಮೊದಲ ತುತ್ತು ನುಂಗಿ ಕಣ್ಣೊರೆಸಿಕೊಂಡರು. "ಖಾರ ಆಯ್ತಾ ಅತ್ತೆ?" ಎಂದೆ. "ಊಂ, ಖಾರ ಕಣವ್ವ," ಎಂದರು. ಸಾರಿನಲ್ಲಿ ಖಾರ ಇರಲಿಲ್ಲ.

ಭಾವನವರು ಕೆಲವು ವಾರ ಈ ಕಡೆ ಮುಖ ಹಾಕಲಿಲ್ಲ. ನಾಚಿಕೆಯಾಗಿರಬೇಕು ಎಂದು ನನ್ನ ಗಂಡ ಹೇಳಿದರು. ನನ್ನ ಗಂಡನಿಗೆ ಮನುಷ್ಯರ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ.

ಒಂದು ದಿನ ಸ್ಟಾಫ್‌ರೂಮಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಫೋನ್ ಹಿಡಿದು ಹತ್ತಿರ ಬಂದರು. "ಮೇಡಂ, ಇವರು ನಿಮ್ಮ ಅತ್ತೆ ಅಲ್ವಾ?" ಎಂದರು. ಯಾರೋ ಅವರಿಗೆ ಕಳಿಸಿದ್ದ ವಿಡಿಯೋ. ಅದರಲ್ಲಿ ಭಾವನವರು ಟೈ ಕಟ್ಟಿಕೊಂಡು ನಿಂತಿದ್ದರು. ಪಕ್ಕದಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಅತ್ತೆಯ ಫೋಟೋ, ಅದರ ಪಕ್ಕ ನಮ್ಮ ಮನೆಯ ಜಗುಲಿಯ ಮೇಲೆ ನಗುತ್ತ ಕೂತಿರುವ ಅತ್ತೆಯ ಫೋಟೋ. ಎರಡನೆಯದನ್ನು ನನ್ನ ಗಂಡನೇ ಅಣ್ಣನಿಗೆ ಸಮಾಧಾನವಾಗಲಿ ಎಂದು ಕಳಿಸಿದ್ದರು.

"ನಮ್ಮ ತಾಯಿಯವರು ಸಾಯೋ ಸ್ಥಿತಿಯಲ್ಲಿದ್ರು," ಎನ್ನುತ್ತಿದ್ದರು ಭಾವನವರು ವಿಡಿಯೋದಲ್ಲಿ. "ಡಾಕ್ಟರೇ ಕೈಬಿಟ್ಟಿದ್ರು. ಆಲ್ಕಲೈನ್ ನೀರಿನಿಂದ ಇವತ್ತು ಹೆಂಗಿದಾರೆ ನೀವೇ ನೋಡಿ. ನಾನು ಬಿ.ಎಸ್ಸಿ. ಕೆಮಿಸ್ಟ್ರಿ. ನಾನು ಹೇಳ್ತೀನಿ, ನಂಬಿ."

ತಾಯಿಯನ್ನು ಸಾವಿನ ಬಾಗಿಲಿಗೆ ತಳ್ಳಿದವನೇ ಆ ಬಾಗಿಲ ಮುಂದೆ ನಿಂತು ಫೋಟೋ ತೆಗೆದು ಅಂಗಡಿ ಇಟ್ಟಿದ್ದ. ಕಂಪನಿಯವರು ಅವರಿಗೆ ಹೊಸ ಯಂತ್ರ ಕಳಿಸಿದ್ದರು ಎಂದು ಆಮೇಲೆ ತಿಳಿಯಿತು.

ಸಂಜೆ ಮನೆಗೆ ಹೋಗಿ ಅತ್ತೆಗೆ ವಿಡಿಯೋ ತೋರಿಸಿದೆ. ತೋರಿಸಬೇಡ ಎಂದು ನನ್ನ ಗಂಡ ಸನ್ನೆ ಮಾಡಿದರು, ನಾನು ನೋಡದವಳಂತೆ ಇದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಇನ್ನೊಂದು ಸಲ ಹಾಕಲು ಹೇಳಿದರು.

"ಇದು ಎಷ್ಟ್ ಜನ ನೋಡ್ತಾರವ್ವ?"

"ಭಾವನವರ ಗುಂಪಿನಲ್ಲಿ ಇರೋರೆಲ್ಲ. ನೂರಾರು ಜನ ಇರಬಹುದು. ಮಿರ್ಲೆಯವರು, ಪಿರಿಯಾಪಟ್ಟಣದವರು, ಎಚ್.ಡಿ. ಕೋಟೆ ಕಡೆಯವರು."

"ಆ ಗುಂಪ್ನಾಗೆ ನಾವೂ ಮಾತಾಡ್ಬೋದಾ?"

ಮಾತಾಡಬಹುದಿತ್ತು. ನನ್ನ ಗಂಡನ ನಂಬರನ್ನು ಭಾವನವರು ಶುರುವಿನಲ್ಲೇ ಆ ಗುಂಪಿಗೆ ಸೇರಿಸಿದ್ದರು. ಅತ್ತೆ ಮಗನ ಕಡೆ ಕೈ ಚಾಚಿದರು. ಅವರು ಒಂದು ಕ್ಷಣ ಅನುಮಾನಿಸಿ ಫೋನ್ ಕೊಟ್ಟರು. ನಾನು ಮೈಕಿನ ಗುರುತನ್ನು ಒತ್ತಿ ಹಿಡಿದೆ. ಅತ್ತೆ ಫೋನಿಗೆ ಬಾಯಿ ಹತ್ತಿರ ತಂದು, ಹೊಲದ ಆಚೆ ಬದುವಿನಲ್ಲಿರುವವರನ್ನು ಕರೆಯುವಷ್ಟು ಗಟ್ಟಿಯಾಗಿ ಮಾತಾಡಿದರು.

"ಎಲ್ರೂ ಕೇಳುಸ್ಕಳಿ. ನಾನು ಆ ಫೋಟದಾಗಿರೋ ಮುದ್ಕಿ. ನನ್ ಮಗ ಕೊಟ್ಟ ಸೋಡ ನೀರು ಕುಡ್ದೇ ನಾನು ಆಸ್ಪತ್ರೆ ಸೇರಿದ್ದು. ವಾಸಿ ಮಾಡಿದ್ದು ಡಾಕ್ಟ್ರಮ್ಮ. ಈಗ ನಾನು ನಲ್ಲಿ ನೀರು ಕಾಯ್ಸಿ ಕುಡೀತೀನಿ, ಉಣಸೆಅಣ್ಣು ಆಕ್ಕಂಡು ಸಾರು ಉಣ್ತೀನಿ. ಚೆನ್ನಾಗಿವ್ನಿ. ಲೇ ಮಗ, ನೀನು ನನ್ ಫೋಟ ಮಡಿಕ್ಕಂಡು ಯಾಪಾರ ಮಾಡೋದು ಬುಟ್ಬುಡ್ಲಾ. ನನ್ಗೆ ನಾಚ್ಕೆ ಆಯ್ತದೆ."

ಬೆರಳು ಬಿಟ್ಟೆ. ಧ್ವನಿ ಗುಂಪಿಗೆ ಹೋಯಿತು. ನಾವು ಮೂವರೂ ಫೋನನ್ನು ನಡುವೆ ಇಟ್ಟುಕೊಂಡು ನೋಡುತ್ತ ಕೂತೆವು. ಮೊದಲು ಯಾರೋ ಕೈಮುಗಿಯುವ ಚಿತ್ರ ಹಾಕಿದರು. ಇನ್ನೊಬ್ಬರು ಹೂವಿನ ಚಿತ್ರ ಹಾಕಿ 'ಶುಭ ಸಂಜೆ' ಎಂದರು. ಕೇಳಿಸಿಕೊಳ್ಳದೆಯೇ ಹಾಕಿದ್ದಿರಬೇಕು. ಒಬ್ಬರು ಮಾತ್ರ 'ಇದು ನಿಜನಾ ಸಾರ್?' ಎಂದು ಭಾವನವರನ್ನು ಕೇಳಿದರು. ಅದಾದ ಸ್ವಲ್ಪ ಹೊತ್ತಿಗೆ ಅತ್ತೆಯ ಮಾತು ಗುಂಪಿನಿಂದ ಅಳಿಸಿಹೋಯಿತು, ನನ್ನ ಗಂಡನ ನಂಬರನ್ನು ಹೊರಗೆ ಹಾಕಲಾಗಿದೆ ಎಂದು ಫೋನು ತಿಳಿಸಿತು.

ನನ್ನ ಗಂಡ ಎದ್ದು ಒಳಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದರು. ಬಾಗಿಲು ಹಾಕಿಕೊಂಡು ಮಾತಾಡಿದರು, ಆದರೂ ಕೇಳಿಸುತ್ತಿತ್ತು. ಅವರು ಅಷ್ಟು ಜೋರಾಗಿ ಮಾತಾಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ರಾತ್ರಿಯೊಳಗೆ ವಿಡಿಯೋವನ್ನು ಭಾವನವರು ತೆಗೆದರು. ಬ್ಯಾಂಕಿನವರು ಯಂತ್ರ ವಾಪಸ್ ಕೊಡಲು ಓಡಾಡುತ್ತಿದ್ದಾರೆ ಎಂದು ಓರಗಿತ್ತಿ ಹೇಳಿದಳು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದ ಮೇಷ್ಟ್ರು ಹೊಸದಾಗಿ ಒಂದು ಕೊಂಡಿದ್ದಾರಂತೆ.

ಭಾವನವರು ಈಗ ನನ್ನನ್ನು ಮಾತಾಡಿಸುವುದಿಲ್ಲ. ತಾಯಿಗೂ ತಮಗೂ ನಡುವೆ ಬಿರುಕು ತಂದವಳು ನಾನು ಎಂದು ನೆಂಟರ ಹತ್ತಿರ ಹೇಳಿಕೊಂಡು ಓಡಾಡುತ್ತಾರೆ. ಎದುರಿಗೆ ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಾರೆ. ಅಷ್ಟರ ಮಟ್ಟಿಗೆ ನನ್ನ ಆರೋಗ್ಯ ಸುಧಾರಿಸಿದೆ.